ಪಬ್‌ನ ಮಹಡಿಯಲ್ಲಿ ಮಂಗಳವಾರದ ಹಾಡು

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ನಾನಿರುವ ಸಣ್ಣ ಊರಿನಲ್ಲಿ, ಪಬ್ಬೊಂದರ ಮಹಡಿ ಮೇಲೆ ಪ್ರತಿ ಮಂಗಳವಾರ ರಾತ್ರಿ ಫೋಕ್ ಕ್ಲಬ್, ಅಂದರೆ ಜನಪದ ಹಾಡಿನ ಕೂಟ, ಸೇರುತ್ತದೆ. ಆರು ವರ್ಷದಿಂದ ಅದನ್ನು ನಡೆಸುವವರಲ್ಲಿ ನಾನೂ ಒಬ್ಬ. ಈ ದೇಶದ ಪಬ್‌ಗಳಲ್ಲಿ 1950ರ ದಶಕದಿಂದಲೂ ಇಂಥ ಕ್ಲಬ್‌ಗಳಿವೆ. ನಮ್ಮಲ್ಲಿ ವೇದಿಕೆ ಇಲ್ಲ, ಮೈಕ್ ಇಲ್ಲ. ಬಂದವರೇ ಸರದಿ ಪ್ರಕಾರ ಎದ್ದು ಒಂದೋ ಎರಡೋ ಹಾಡುತ್ತಾರೆ. ಅವರಿಗೆ ಫ್ಲೋರ್ ಸಿಂಗರ್ ಅಂತಾರೆ. ಕ್ಲಬ್ ನಿಂತಿರುವುದೇ ಇವರ ಮೇಲೆ.

ಮೊದಲು ಬೇಕಾದದ್ದು ಬಾಗಿಲಿರುವ ಕೋಣೆ. ಶುರುವಿನಲ್ಲಿ ಬೇರೊಂದು ಪಬ್‌ನಲ್ಲಿ, ಬಾರ್ ಪಕ್ಕದಲ್ಲೇ ಕೂರುತ್ತಿದ್ದೆವು. ಒಂದು ರಾತ್ರಿ ಟಿವಿಯಲ್ಲಿ ಫುಟ್‌ಬಾಲ್ ಇತ್ತು. ಉದ್ದನೆಯ ಕಥೆಯ ಹಾಡೊಂದನ್ನು ಹೇಳುತ್ತಿದ್ದ ಹಿರಿಯ ಹೆಂಗಸೊಬ್ಬರ ದನಿ ಆ ಕೂಗಾಟದಲ್ಲಿ ಮುಳುಗಿಹೋಯಿತು. ಅವರು ಅರ್ಧಕ್ಕೇ ನಿಲ್ಲಿಸಿ ಕೂತರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ತಿಂಗಳು ಜಾಗ ಬದಲಿಸಿದೆವು.

ಹೊಸ ಪಬ್‌ನವರನ್ನು ಕೇಳುವಾಗ ವ್ಯಾಪಾರ ಇಲ್ಲದ ದಿನವನ್ನೇ ಕೇಳಿದೆ. ಮಂಗಳವಾರ ಇಪ್ಪತ್ತೈದು ಜನ ಬಂದು ಕುಡಿಯುವುದು ಅವರಿಗೂ ಲಾಭ ಅಲ್ವಾ? ಬಾಡಿಗೆ ಕೇಳಲಿಲ್ಲ. ಮೈಕಿಲ್ಲದ ಹಾಡಿಗೆ ಬೆಳಗ್ಗೆ 8ರಿಂದ ರಾತ್ರಿ 11ರವರೆಗೆ ಮನರಂಜನೆಯ ಲೈಸೆನ್ಸ್ ಬೇಕಿಲ್ಲ ಎಂದು 2012ರ ಲೈವ್ ಮ್ಯೂಸಿಕ್ ಆಕ್ಟ್ ಹೇಳುತ್ತದೆ. ತಿಂಗಳಿಗೊಮ್ಮೆ ಹೊರಗಿನ ಹಾಡುಗಾರರನ್ನು ಕರೆಸಿದಾಗ ಮಾತ್ರ ಟಿಕೆಟ್ ಇಡುತ್ತೇವೆ. ಕಡಿಮೆ ಬಿದ್ದ ದುಡ್ಡು ಅಲ್ಲೇ ಮಾರುವ ಲಾಟರಿ ಚೀಟಿಯಿಂದ ಬರುತ್ತದೆ. ಜನ ಕಡಿಮೆ ಬಂದರೂ ಆ ಹಾಡುಗಾರರಿಗೆ ಮಾತಾಡಿದ ದುಡ್ಡನ್ನು ಪೂರ್ತಿ ಕೊಡಲೇಬೇಕು.

ಕಷ್ಟದ ಕೆಲಸ ಅಂದರೆ ಸರದಿ ಹಾಕುವುದು. ಹೊಸಬರನ್ನು ಮೊದಲೇ ಕರೆಯಬಾರದು. ಮೊದಲು ಎಲ್ಲರೂ ದನಿಗೂಡಿಸುವ ಹಾಡು ಆಗಬೇಕು. ಒಮ್ಮೆ ಬಾಯಿಬಿಟ್ಟು ಹಾಡಿದ ಜನ ಆಮೇಲೆ ಕಿವಿಗೊಟ್ಟೂ ಕೇಳುತ್ತಾರೆ. ಹೊಸಬರು ಆಗ ಬರಲಿ. ಎರಡು ಉದ್ದದ ದುಃಖದ ಹಾಡು ಒಂದರ ಹಿಂದೆ ಒಂದು ಬಂದರೆ ಕೋಣೆ ತಣ್ಣಗಾಗುತ್ತದೆ. ಅದಕ್ಕೇ ಯಾರು ಏನು ಹಾಡುತ್ತಾರೆ ಅಂತ ಮೆಟ್ಟಿಲ ಹತ್ತಿರವೇ ಕೇಳಿಕೊಳ್ಳುತ್ತೇನೆ.

ನಾನು ಚಾಮರಾಜನಗರದ ಕಡೆಯವನು. ಕಂಸಾಳೆಯವರ ಮಾದಪ್ಪನ ಪದ ಕೇಳುತ್ತಾ ಬೆಳೆದವನು. ಎರಡು ವರ್ಷ ಬರೀ ಸರದಿ ಕರೆದೆ, ಹಾಡಲಿಲ್ಲ. ಭಾಷೆ ಯಾರಿಗೂ ಬರಲ್ಲ, ಸುಮ್ನೆ ಯಾಕೆ ಅನಿಸುತ್ತಿತ್ತು. ಒಂದು ದಿನ, ಅವತ್ತು ಅರ್ಧಕ್ಕೇ ಹಾಡು ನಿಲ್ಲಿಸಿದ್ದ ಆ ಹಿರಿಯ ಹೆಂಗಸೇ ಪಟ್ಟಿಯಲ್ಲಿ ನನ್ನ ಹೆಸರು ಬರೆದುಬಿಟ್ಟರು. ಮೊದಲು ಮಾದಪ್ಪನ ಪದದ ಸೊಲ್ಲು, ಅಂದರೆ ಮತ್ತೆ ಮತ್ತೆ ಬರುವ ಸಾಲು, ಹೇಳಿಕೊಟ್ಟೆ. ಎರಡನೇ ಸಲಕ್ಕೆ ಎಲ್ಲರೂ ಎತ್ತಿಕೊಂಡರು. ನಮ್ಮೂರ ಕಡೆ ಹಿಮ್ಮೇಳದವರು ಒಂದೇ ಸ್ವರದಲ್ಲಿ ಸೊಲ್ಲು ಎತ್ತುತ್ತಾರೆ. ಇವರು ತಮ್ಮ ರೂಢಿಯಂತೆ ಒಬ್ಬರು ಕೆಳಗಿನ ಸ್ವರ, ಇನ್ನೊಬ್ಬರು ಮೇಲಿನ ಸ್ವರ ಹಿಡಿದರು. ನಾನು ಹಾಗೆ ಯಾವತ್ತೂ ಕೇಳಿರಲಿಲ್ಲ. ಮುಂದಿನ ಸಾಲೇ ಮರೆತುಹೋಯಿತು. ಅವರು ನಿಲ್ಲಿಸಲಿಲ್ಲ. ನನಗೆ ಸಾಲು ನೆನಪಾಗುವವರೆಗೂ ಸೊಲ್ಲನ್ನೇ ಹಾಡುತ್ತಾ ಇದ್ದರು.