ಹಳೆಯ ಬೆಂಚ್ ಗ್ರೈಂಡರಿಗೆ ಮರುಜೀವ

ಗುಜರಿ ಅಂಗಡಿಯಲ್ಲಿ ಹಳೆಯ ಬೆಂಚ್ ಗ್ರೈಂಡರ್ (ಮೇಜಿಗೆ ಕೂರಿಸಿ ಲೋಹವನ್ನು ಉಜ್ಜಲು, ಹರಿತಗೊಳಿಸಲು ಬಳಸುವ ಸಾಣೆ ಯಂತ್ರ) ಕಂಡಾಗ ತುಕ್ಕನ್ನು ನೋಡಿ ಹಿಂಜರಿಯಬೇಕಾಗಿಲ್ಲ. ಎರಕದ ಕಬ್ಬಿಣದ ಮೈ ಬಿರುಕು ಬಿಟ್ಟಿಲ್ಲವೆಂದೂ, ಕೈಯಿಂದ ಅಲುಗಿಸಿದಾಗ ಶಾಫ್ಟ್ ಓಲಾಡುವುದಿಲ್ಲವೆಂದೂ, ಚಕ್ರದ ಕವಚಗಳು ಜೊತೆಗೇ ಇವೆಯೆಂದೂ ಖಚಿತಪಡಿಸಿಕೊಳ್ಳಬೇಕು. ಬೇರಿಂಗ್ ಎಲ್ಲಿಯಾದರೂ ಸಿಗುತ್ತದೆ, ಕಳೆದುಹೋದ ಕವಚಕ್ಕೆ ಜೋಡಿ ಸಿಗುವುದು ಬಹಳ ಕಷ್ಟ.

ಬಿಚ್ಚುವ ಮೊದಲು ಪ್ಲಗ್ ಕಿತ್ತು, ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಇದ್ದರೆ ಅದರ ವಿದ್ಯುತ್ತನ್ನು ಇಳಿಸಬೇಕು. ಎಡಬದಿಯ ಚಕ್ರದ ನಟ್ಟಿಗೆ ಉಲ್ಟಾ ಮರೆ (ತಿರುಪಿನ ಸುತ್ತು) ಇರುವುದರಿಂದ ಅದು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಮಾತ್ರ ಸಡಿಲವಾಗುತ್ತದೆ. ಇದನ್ನು ಮರೆತು ಬಲ ಹಾಕಿ ಮರೆ ಕೆಡಿಸಿದ ಎಷ್ಟೋ ಯಂತ್ರಗಳು ಗುಜರಿಗೆ ಬರುತ್ತವೆ. ನಿರೋಧಕ ಹೊದಿಕೆ ಉದುರುತ್ತಿರುವ ವೈರನ್ನು ಬದಲಿಸಿ, ಮೈಗೆ ಅರ್ಥಿಂಗ್ ಕೊಡಬೇಕು.

ಹೆಚ್ಚಿನ ಎಚ್ಚರ ಬೇಕಿರುವುದು ಸಾಣೆಚಕ್ರದ ವಿಷಯದಲ್ಲಿ. ಒಣಗಿದ ಚಕ್ರವನ್ನು ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಗಂಟೆಯಂಥ ಸ್ಪಷ್ಟ ನಾದ ಬರಬೇಕು. ಮಂಕಾದ ಸದ್ದು ಬಂದರೆ ಒಳಗೆ ಬಿರುಕಿರಬಹುದಾದ್ದರಿಂದ ಅದನ್ನು ಒಡೆದು ಎಸೆಯುವುದೇ ಸರಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಎರಡು ಪೋಲಿನ (ಕಾಂತಧ್ರುವದ) ಮೋಟಾರು ನಿಮಿಷಕ್ಕೆ ಸುಮಾರು 2,850 ಸುತ್ತು ತಿರುಗುವುದರಿಂದ, ಚಕ್ರದ ಮೇಲೆ ಅಚ್ಚಾದ ಗರಿಷ್ಠ ವೇಗ ಅದಕ್ಕಿಂತ ಹೆಚ್ಚಿರಲೇಬೇಕು. ಚಕ್ರದ ಎರಡೂ ಬದಿಗೆ ಕಾಗದದ ವಾಷರ್ ಇಟ್ಟು ಬಿಗಿದು, ಉಜ್ಜುವ ವಸ್ತುವನ್ನು ಆನಿಸಿ ಹಿಡಿಯುವ ಟೂಲ್ ರೆಸ್ಟನ್ನು ಚಕ್ರದಿಂದ 3 ಮಿ.ಮೀ.ಗಿಂತ ಹೆಚ್ಚು ಅಂತರವಿಲ್ಲದಂತೆ ಕೂರಿಸಿ, ಮೊದಲ ಒಂದು ನಿಮಿಷ ಚಕ್ರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ಓಡಿಸಿ ನೋಡಬೇಕು.