ಮನೆಯಲ್ಲಿ ದೊಡ್ಡವರಿಲ್ಲದಾಗ ಹೊಳೆ ಊರಿಗೆ ಬಂದರೆ

ನಮ್ಮ ಬಾಗಲಕೋಟೆ ಕಡೆ ಕಡಲಿಲ್ಲ, ಚಂಡಮಾರುತ ಅಂದರೆ ಟಿವಿ ಸುದ್ದಿ. ಆದರೆ 2019ರ ಆಗಸ್ಟ್ ನೆನಪಿದೆ ಅಲ್ವಾ? ಘಟ್ಟದಲ್ಲಿ ಸುರಿದ ಮಳೆ ಮಲಪ್ರಭೆ, ಘಟಪ್ರಭೆ, ಕೃಷ್ಣೆಯಲ್ಲಿ ಇಳಿದು ಬಂದು ಊರಿಗೆ ಊರೇ ನೀರಲ್ಲಿ ನಿಂತಿತ್ತು. ಅಪ್ಪ ಅವ್ವ ಪರಊರಿಗೆ ಹೋದಾಗಲೇ ಹೀಗಾದರೆ? ಹದಿನೈದು ಹದಿನಾರು ವಯಸ್ಸಿನವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗೋಡೆ ನೋಡು. ಮಣ್ಣಿನ ಗೋಡೆಯಾದರೆ ಮಾಳಿಗೆ ಹತ್ತಿ ಕೂರಬೇಡ, ಅದು ನೆನೆದು ಕುಸಿಯುತ್ತದೆ, ಎಷ್ಟೋ ಸಲ ನೀರು ಇಳಿದ ಮೇಲೆ. ದಾರಿ ಒಣಗಿರುವಾಗಲೇ ಎತ್ತರದ ಸ್ಲ್ಯಾಬ್ ಮನೆಗೋ ಶಾಲೆಗೋ ಹೋಗಿಬಿಡು. ಮೇನ್ ಸ್ವಿಚ್ ಆಫ್ ಮಾಡು, ಆದರೆ ಕಾಲಡಿ ನೀರಿದ್ದರೆ ಮುಟ್ಟಲೇಬೇಡ. ದನಗಳ ಕಣ್ಣಿ ಬಿಚ್ಚು. ಕಟ್ಟಿದ ದನ ಈಜಲಾರದು.

ಊಟಕ್ಕೆ ನಮ್ಮಷ್ಟು ಪುಣ್ಯವಂತರು ಯಾರೂ ಇಲ್ಲ. ಕಡಕ್ ಜೋಳದ ರೊಟ್ಟಿ ಒಲೆ ಇಲ್ಲದೆ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಪುಠಾಣಿ, ಬೆಲ್ಲ, ಅವಲಕ್ಕಿ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕು, ಯಾಕೆಂದರೆ ತೇವ ತಾಗಿದ ರೊಟ್ಟಿಗೆ ಬೇಗ ಬೂಷ್ಟು ಹಿಡಿಯುತ್ತದೆ. ಶೇಂಗಾ ಚಟ್ನಿ ಕಡಿಮೆ ತಿನ್ನು, ಖಾರ ತಿಂದರೆ ನೀರು ಜಾಸ್ತಿ ಬೇಕು. ಹೊಳೆ ನೀರು, ಮುಳುಗಿದ ಬೋರ್‌ವೆಲ್ ನೀರು ಎರಡೂ ಬೇಡ. ಮುಚ್ಚಳ ಭದ್ರವಿರುವ ಮೇಲಿನ ಟ್ಯಾಂಕಿನ ನೀರು ಕುಡಿ, ಇಲ್ಲವೇ ಬಯಲಲ್ಲಿ ಕೊಡ ಇಟ್ಟು ಮಳೆ ನೀರು ಹಿಡಿ.

ಮೊಬೈಲ್‌ನಲ್ಲಿ ಸುಮ್ನೆ ವಿಡಿಯೋ ಮಾಡುತ್ತಾ ಕೂರಬೇಡ. 112ಕ್ಕೋ ಜಿಲ್ಲೆಯ ಕಂಟ್ರೋಲ್ ರೂಮಿನ 1077ಕ್ಕೋ ಫೋನ್ ಮಾಡಿ ಊರು, ಓಣಿ, ಹತ್ತಿರದ ಗುಡಿ ಯಾವುದು ಅಂತ ಹೇಳು. ಕಾಲ್ ಹೋಗದಿದ್ದರೆ ಮನೆಯವರಿಗೆ ಮೆಸೇಜ್ ಹಾಕು, ಸಿಗ್ನಲ್ ಕಡಿಮೆ ಇದ್ದರೂ ಕೆಲವೊಮ್ಮೆ ಅದು ಹೋಗುತ್ತದೆ. ಅವ್ವನ ಕೆಂಪು ಇಳಕಲ್ ಸೀರೆ ಸಿಕ್ಕರೆ ದೂರದವರಿಗೆ ಕಾಣುವಂತೆ ಎತ್ತರದಲ್ಲಿ ಕಟ್ಟು. ಬೈಸಿಕೊಳ್ಳೋದು ಆಮೇಲೆ ಇದ್ದೇ ಇದೆ.

ಎಲ್ಲಕ್ಕಿಂತ ಕಷ್ಟ ಕಾಯೋದು. ಇಲ್ಲಿ ಬಿಸಿಲು ಬಿದ್ದಿರುತ್ತದೆ, ನೀರು ಮೊಣಕಾಲುದ್ದ ಅಷ್ಟೇ ಕಾಣುತ್ತದೆ, ಇಳಿದು ಹೋಗೋಣ ಅನ್ನಿಸುತ್ತದೆ. ಆದರೆ ಕೃಷ್ಣೆಗೆ ನೀರು ಬರುವುದು ಮಹಾಬಳೇಶ್ವರದ ಕಡೆಯಿಂದ, ಮಲಪ್ರಭೆಗೆ ಘಟ್ಟದ ಕಣಕುಂಬಿಯಿಂದ. ಅಲ್ಲಿ ಮಳೆ ನಿಲ್ಲದೆ, ಮೇಲಿನ ಡ್ಯಾಮುಗಳು ನೀರು ಬಿಡೋದು ಕಡಿಮೆಯಾಗದೆ ಇಲ್ಲಿಯ ಬಿಸಿಲಿಗೆ ಅರ್ಥವಿಲ್ಲ. ಹರಿಯುವ ನೀರು ಮೊಣಕಾಲಿಗೆ ಬಂದರೂ ಆಳನ್ನು ಕೆಡವುತ್ತದೆ. ನೀರು ನಿಂತ ಮಟ್ಟಕ್ಕೆ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದು, ಏರಿತೋ ಇಳಿಯಿತೋ ಅಂತ ತಾಸಿಗೊಮ್ಮೆ ನೋಡು.

ಮನೆಗೆ ಮರಳಿದಾಗ ಚಪ್ಪಲಿ ಹಾಕಿಕೋ, ಕೈಯಲ್ಲಿ ಕೋಲಿರಲಿ. ಹಾಸಿಗೆ, ಕಟ್ಟಿಗೆ ಒಟ್ಟಿಲು ಎಲ್ಲವನ್ನೂ ಕೋಲಿನಿಂದ ಎತ್ತಿ ನೋಡು. ನಿನ್ನ ಹಾಗೆ ಹಾವೂ ಒಣ ಜಾಗ ಹುಡುಕಿಕೊಂಡು ಬಂದಿರುತ್ತದೆ.