ಮಿಡತೆಯ ಮಿದುಳು ಅಲ್ಲಾಡದ ಹಾಗೆ ಹಿಡಿದದ್ದು

ನಾನು ಕೋಲಾರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಮಿಡತೆಯ ಮಿದುಳಿನ ಒಂದೇ ಒಂದು ನರಕೋಶದ ಸದ್ದನ್ನು ಮಕ್ಕಳಿಗೆ ಕೇಳಿಸಬೇಕು ಅನ್ನೋದು ನನ್ನ ಹಠವಾಗಿತ್ತು. ಕೋಶದ ವಿದ್ಯುತ್ ಮಿಡಿತವನ್ನು ಎಲೆಕ್ಟ್ರೋಡ್ ಎಂಬ ಸೂಜಿಯಂಥ ತುದಿಯಿಂದ ಹಿಡಿದು, ಆಂಪ್ಲಿಫೈಯರ್‌ಗೆ ಸ್ಪೀಕರ್ ಸೇರಿಸಿದರೆ ಟಪ್ ಟಪ್ ಎಂದು ಕೇಳುತ್ತದೆ. ಆದರೆ ಐದೇ ನಿಮಿಷಕ್ಕೆ ಸದ್ದು ಸಣ್ಣಗಾಗಿ ಮಾಯವಾಗುತ್ತಿತ್ತು. ಎಲೆಕ್ಟ್ರೋಡಿನ ತುದಿ ಕೂದಲೆಳೆಯಷ್ಟು ಸರಿದರೂ ಕೋಶ ಕೈತಪ್ಪಿತು ಅಂತಲೇ ಲೆಕ್ಕ.

ಮೊದಲು ಹೆದ್ದಾರಿ 75ರ ಲಾರಿಗಳ ಮೇಲೆ ಅನುಮಾನ ಬಂತು. ಕೋಲಾರದಲ್ಲಿ ಕಲ್ಲಿಗೆ ಬರವಾ? ಒಂದು ಗ್ರಾನೈಟ್ ಚಪ್ಪಡಿ ತರಿಸಿ, ಕೆಳಗೆ ನಾಲ್ಕು ಸ್ಕೂಟರ್ ಟ್ಯೂಬ್ ಇಟ್ಟೆ. ಗಾಳಿ ಬಿಗಿಯಾಗಿ ತುಂಬಿಸಬಾರದು, ತುಂಬಿಸಿದರೆ ಅದುರು ಹಾಗೇ ಮೇಲಕ್ಕೆ ಬರುತ್ತದೆ. ಅದುರೇನೋ ನಿಂತಿತು. ಕೋಶ ನಿಲ್ಲಲಿಲ್ಲ.

ಒಂದು ದಿನ ಮೈಕ್ರೋಸ್ಕೋಪ್ ನೋಡುತ್ತಿದ್ದ ಹುಡುಗಿಯೊಬ್ಬಳು, "ಮೇಡಂ, ಮಿದುಳೇ ಮೇಲೆ ಕೆಳಗೆ ಹೋಗ್ತಿದೆ ನೋಡಿ" ಅಂದಳು. ಹೌದು! ಮಿಡತೆಯ ಅನ್ನನಾಳ ಮಿದುಳಿನ ಕೆಳಗೇ, ನರಗಳ ಬಳೆಯೊಳಗೆ ಹಾದುಹೋಗುತ್ತದೆ. ಕರುಳು ಹಿಂಡಿದಾಗಲೆಲ್ಲ ಮಿದುಳು ಜಗ್ಗುತ್ತದೆ. ಉಸಿರಾಟಕ್ಕೆ ಹೊಟ್ಟೆ ಒತ್ತಿದಾಗಲೂ ಅಷ್ಟೇ. ಇಷ್ಟು ದಿನ ನಾನು ಮೇಜನ್ನು ಹಿಡಿದುಕೊಂಡು ಕೂತಿದ್ದೆ, ಹಿಡಿಯಬೇಕಾದದ್ದು ಮಿದುಳನ್ನು.

ಅಲ್ಲಿಂದ ಕ್ರಮ ಬದಲಾಯಿತು. ಮಿಡತೆಯನ್ನು ಮಂಜುಗಡ್ಡೆಯಲ್ಲಿಟ್ಟು ಮರಗಟ್ಟಿಸುತ್ತೇನೆ. ತಲೆಯ ಸುತ್ತ ಮೇಣದ ಬಟ್ಟಲು ಕಟ್ಟಿ, ಉಪ್ಪುದ್ರಾವಣ ಸದಾ ತೊಟ್ಟಿಕ್ಕುವಂತೆ ಮಾಡುತ್ತೇನೆ. ಕರುಳನ್ನು ತಲೆಯ ಕಡೆ ಕತ್ತರಿಸಿ, ಹೊಟ್ಟೆಯ ತುದಿಯಿಂದ ಹೊರಗೆಳೆದು, ದಾರದಿಂದ ಬಿಗಿಯುತ್ತೇನೆ. ಆಮೇಲೆ ಮೇಣ ಹಚ್ಚಿದ ಸಣ್ಣ ತಂತಿಯನ್ನು ಮಿದುಳಿನ ಕೆಳಗೆ ತೂರಿಸಿ ಸ್ವಲ್ಪವೇ ಎತ್ತುತ್ತೇನೆ. ಈ ತಂತಿಯ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯ. ಜಾಸ್ತಿ ಎತ್ತಿದರೆ ನರ ಹರಿಯುತ್ತದೆ, ಕಡಿಮೆಯಾದರೆ ಮಿದುಳು ತೇಲುತ್ತದೆ. ಕೈಗೆ ಹದ ಸಿಗಲು ಹತ್ತಾರು ಮಿಡತೆ ಬೇಕಾದವು.

ಮಿದುಳಿನ ಮೇಲಿನ ಪೊರೆಯನ್ನು ಸೂಕ್ಷ್ಮ ಚಿಮಟದಿಂದ ಬಿಡಿಸಲೇಬೇಕು. ಬಿಡಿಸದಿದ್ದರೆ ಎಲೆಕ್ಟ್ರೋಡ್ ಒಳಗೆ ಹೋಗುವ ಬದಲು ಮಿದುಳನ್ನು ತಗ್ಗಿಸುತ್ತದೆ. ಬಿಡಿಸಿದರೂ ಸ್ವಲ್ಪ ತಗ್ಗುತ್ತದೆ, ಕಲಸಿದ ಹಿಟ್ಟಿಗೆ ಬೆರಳೊತ್ತಿದ ಹಾಗೆ. ಅದು ನಿಧಾನವಾಗಿ ಮೇಲೇಳುತ್ತದೆ. ಹಾಗಾಗಿ ಸದ್ದು ಸಿಕ್ಕ ತಕ್ಷಣ ರೆಕಾರ್ಡಿಂಗ್ ಶುರು ಮಾಡುವುದಿಲ್ಲ. ಅರ್ಧ ಗಂಟೆ ಫ್ಯಾನ್ ಆರಿಸಿ, ವೈರುಗಳನ್ನು ಚಪ್ಪಡಿಗೆ ಟೇಪ್ ಹಚ್ಚಿ, ಸುಮ್ನೆ ಕೂರುತ್ತೇವೆ.

ಒಂದು ಶುಕ್ರವಾರ ಒಂದೇ ಕೋಶ ಒಂದು ಗಂಟೆಗೂ ಜಾಸ್ತಿ ನಿಂತಿತು. ಹುಡುಗಿ ಶ್ರೀನಿವಾಸಪುರದ ಮಾವಿನ ಹಣ್ಣಿನ ವಾಸನೆಯನ್ನು ಮೀಸೆಯತ್ತ ಊದಿದಳು. ಟಪ್ ಟಪ್ ಎನ್ನುತ್ತಿದ್ದದ್ದು ಒಮ್ಮೆಲೇ ಚಟಪಟ ಸಿಡಿಯಿತು. ಮತ್ತೆ ಊದಿದಳು, ಮತ್ತೆ ಸಿಡಿಯಿತು.